ಗುಬ್ಬಿ ಕಂಪನಿಯ ಮಟ್ಟುಗಳು

ಹಳೆಯ ಕಂಪನಿ ನಾಟಕಗಳ ಹಾಡಿನ ಪುಸ್ತಕಗಳನ್ನು ಕೈಯಲ್ಲಿ ಹಿಡಿದವರಿಗೆ ಒಂದು ಸಂಗತಿ ನೆನಪಿರುತ್ತದೆ. ಹಾಡಿನ ತಲೆಯ ಮೇಲೆ ಸಣ್ಣ ಅಕ್ಷರಗಳಲ್ಲಿ ರಾಗ ಮತ್ತು ತಾಳದ ಹೆಸರಿರುತ್ತದೆ. ಅದರ ಪಕ್ಕದಲ್ಲಿ ಎಷ್ಟೋ ಸಲ ಇನ್ನೊಂದು ಮಾತು ಇರುತ್ತದೆ: ಇಂಥ ಹಾಡಿನ ಮಟ್ಟು. ಅದು ಪಾರ್ಸಿ ಮಟ್ಟಾಗಿರಬಹುದು, ಮರಾಠಿ ನಾಟಕದ ಮಟ್ಟಾಗಿರಬಹುದು, ಜಾವಳಿಯದೋ ಕೀರ್ತನೆಯದೋ ಆಗಿರಬಹುದು. ಕೃಷ್ಣ ರುಕ್ಮಿಣಿಗೆ ಹೇಳುವ ಪ್ರೇಮದ ಮಾತು ಯಾವುದೋ ಉರ್ದು ಗಜಲಿನ ಧಾಟಿಯಲ್ಲಿದ್ದರೆ ಪುಸ್ತಕ ಅಚ್ಚು ಹಾಕಿಸಿದವರು ಅದನ್ನು ಮುಚ್ಚಿಡುತ್ತಿರಲಿಲ್ಲ. ಸಾಲ ತಂದ ಮನೆಯ ಹೆಸರನ್ನು ಚೀಟಿಯಲ್ಲಿ ಬರೆದಿಟ್ಟ ಹಾಗೆ ಬರೆದಿಡುತ್ತಿದ್ದರು. ಓದುಗನಿಗೂ ಅದರಿಂದ ಉಪಕಾರವಿತ್ತು. ಮಟ್ಟು ಗೊತ್ತಿದ್ದವನು ಸ್ವರಲಿಪಿಯ ಹಂಗಿಲ್ಲದೆ ಮನೆಯಲ್ಲಿ ಕುಳಿತೇ ಹಾಡಿಕೊಳ್ಳಬಹುದಿತ್ತು.

ಈ ಸಣ್ಣ ಅಕ್ಷರಗಳನ್ನು ಇಂದು ಯಾರೂ ಓದುತ್ತಿಲ್ಲ. ರಂಗಗೀತೆಗಳ ಬಗ್ಗೆ ಈಗ ಕೇಳಿಬರುವ ಮಾತುಗಳು ಮೂರು. ಇದು ನಮ್ಮ ಮಣ್ಣಿನ ಅಪ್ಪಟ ಕಲೆ, ಹೊರಗಿನ ಗಾಳಿ ತಾಗದೆ ಬಂದದ್ದು ಎನ್ನುವವರು ಒಂದು ಕಡೆ. ಇದು ಶಾಸ್ತ್ರವೂ ಅಲ್ಲದ ಜಾನಪದವೂ ಅಲ್ಲದ ಕಲಬೆರಕೆ ಎನ್ನುವ ವಿದ್ವಾಂಸರು ಇನ್ನೊಂದು ಕಡೆ. ಮೂರನೆಯ ಮಾತು ನಮ್ಮ ಮೊಹಲ್ಲಾಗಳದ್ದು: ಹಾಡು, ಬಣ್ಣ, ನಾಟಕ ಇವೆಲ್ಲ ಅವರದ್ದು, ನಮಗೆ ಸಲ್ಲದ್ದು, ನಮ್ಮವರು ಅದರಲ್ಲಿ ಎಂದೂ ಇರಲಿಲ್ಲ. ಮೂರಕ್ಕೂ ಉತ್ತರ ಗುಬ್ಬಿಯಲ್ಲಿದೆ ಎಂಬುದು ನಮ್ಮ ಎಣಿಕೆ.

ಗುಬ್ಬಿ ತುಮಕೂರಿನಿಂದ ಸುಮಾರು 20 ಕಿಲೋಮೀಟರ್ ದೂರದ ಊರು. ಅಡಿಕೆ, ತೆಂಗು, ಚನ್ನಬಸವೇಶ್ವರನ ಜಾತ್ರೆ. ಇಂಥ ಊರಿನಲ್ಲಿ 1884ರಲ್ಲಿ ಹುಟ್ಟಿದ ನಾಟಕ ಮಂಡಳಿಯೊಂದು ಮುಂದೆ ಕನ್ನಡ ನಾಡಿನಲ್ಲಷ್ಟೇ ಅಲ್ಲದೆ ತೆಲುಗು, ತಮಿಳು ಸೀಮೆಗಳಲ್ಲೂ ಹೆಸರಾಯಿತು. ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಎಂದು ಅದರ ಪೂರ್ತಿ ಹೆಸರು. ಗುಬ್ಬಿ ವೀರಣ್ಣನವರು ಇದನ್ನು ಹುಟ್ಟಿಸಿದರೆಂದು ಹಲವರು ತಿಳಿದಿದ್ದಾರೆ. ವೀರಣ್ಣನವರು ಹುಟ್ಟಿದ್ದು 1891ರಲ್ಲಿ. ಕಂಪನಿ ಅವರಿಗಿಂತ ಏಳು ವರ್ಷ ದೊಡ್ಡದು. ಎಳೆಯ ವಯಸ್ಸಿನಲ್ಲೇ ಬಾಲನಟನಾಗಿ ಅದಕ್ಕೆ ಸೇರಿದವರು, ಬೆಳೆದು ಅದರ ಒಡೆಯರಾದರು.

ಕಂಪನಿ ಹುಟ್ಟುವ ಮೊದಲು ಈ ಸೀಮೆಯ ಕಿವಿಯಲ್ಲಿ ಏನಿತ್ತು ಎಂಬುದನ್ನು ನೋಡಬೇಕು. ತುಮಕೂರು ಜಿಲ್ಲೆ ಮೂಡಲಪಾಯ ಬಯಲಾಟದ ನೆಲೆ. ಮುಖವೀಣೆ, ಮದ್ದಳೆ, ತಾಳ, ಭಾಗವತನ ಏರುದನಿ. ಬೆಳಗಿನವರೆಗೆ ನಡೆಯುವ ಪ್ರಸಂಗ. ವಿದ್ವಾಂಸರಾದ ಜೀ.ಶಂ. ಪರಮಶಿವಯ್ಯನವರು ಅದನ್ನು ಹುಡುಕಿ ದಾಖಲಿಸುವ ಹೊತ್ತಿಗೆ ಆ ಆಟದ ದಿನಗಳು ಮಸುಕಾಗಿದ್ದವು. ಕುಣಿಗಲ್ ಕಡೆ ಹೆಣ್ಣುಮಕ್ಕಳ ಬಾಯಲ್ಲಿ ಕೆರೆಯ ಹಾಡು. 'ಮೂಡಲ್ ಕುಣಿಗಲ್ ಕೆರೆ' ಎಂದರೆ ಸಾಕು, ಕನ್ನಡ ಬಲ್ಲ ಯಾರಿಗೂ ಧಾಟಿ ತಾನಾಗಿಯೇ ಬರುತ್ತದೆ. ಗುಡಿಯ ಮುಂದೆ ಓಲಗ. ಮೊಹರಂ ಬಂದರೆ, ನಮ್ಮ ಹಳ್ಳಿಗಳಲ್ಲಿ ಅದಕ್ಕೆ ಬಾಬಯ್ಯನ ಹಬ್ಬ ಎಂದೇ ಹೆಸರು, ಅಲಾವಿಯ ಸುತ್ತ ತಮಟೆಯ ಪೆಟ್ಟು. ಬಾಬಯ್ಯನಿಗೆ ಸಕ್ಕರೆ ಓದಿಸುವವರಲ್ಲಿ ಎಲ್ಲ ಜಾತಿಯವರೂ ಇದ್ದರು. ಜಿಲ್ಲೆಯ ಉತ್ತರಕ್ಕಿರುವ ಸಿರಾ ಮೊಗಲರ ಕಾಲದಲ್ಲಿ ಸುಬಾದ ರಾಜಧಾನಿಯಾಗಿತ್ತು. ಆ ಕಾಲದಿಂದಲೂ ದಖನಿ ಉರ್ದು ಈ ಸೀಮೆಯ ಮಾತುಗಳಲ್ಲಿ ಒಂದು. ಅಂದರೆ ಕಂಪನಿ ಬರುವ ಮೊದಲೇ ಈ ಕಿವಿ ಒಂದೇ ಬಗೆಯ ಸದ್ದಿಗೆ ಒಗ್ಗಿದ ಕಿವಿಯಾಗಿರಲಿಲ್ಲ.

ಆಮೇಲೆ ರೈಲು ಬಂತು. 1880ರ ದಶಕದಲ್ಲಿ ಬೆಂಗಳೂರಿನಿಂದ ಹೊರಟ ಹಾದಿ ತುಮಕೂರು, ಗುಬ್ಬಿ ದಾಟಿ ಹರಿಹರದ ಕಡೆಗೆ ಸಾಗಿತು. ನಾಟಕದ ಚರಿತ್ರೆ ಬರೆಯುವವರು ರಾಜರ ಆಶ್ರಯದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ರೈಲಿನ ಬಗ್ಗೆ ಒಂದು ಸಾಲು ಬರೆಯುವುದಿಲ್ಲ. ಪರದೆ, ಪೆಟ್ಟಿಗೆ, ದೀಪ, ನಟರು, ಅಡುಗೆಯವರು, ಹೆಂಗಸರು ಮಕ್ಕಳು ಎಲ್ಲರನ್ನೂ ಕಟ್ಟಿಕೊಂಡು ಊರಿಂದೂರಿಗೆ ಹೋಗುವ ಕಂಪನಿ ಎಂಬ ವಸ್ತುವೇ ರೈಲಿನ ಕೂಸು. ಮುಂಬಯಿಯ ಪಾರ್ಸಿ ಕಂಪನಿಗಳು ಮೈಸೂರಿನ ತನಕ ಬಂದದ್ದೂ ಹಾಗೆಯೇ. ಖುರ್ಷೀದ್‌ಜಿ ಬಾಲಿವಾಲಾರ ವಿಕ್ಟೋರಿಯಾ ಕಂಪನಿಯಂತೂ ಬರ್ಮಾ, ಲಂಡನ್ನುಗಳನ್ನೂ ಕಂಡು ಬಂದದ್ದು.

ಪಾರ್ಸಿ ಕಂಪನಿ ಎಂಬ ಹೆಸರು ಸ್ವಲ್ಪ ದಾರಿ ತಪ್ಪಿಸುವಂಥದ್ದು. ಬಂಡವಾಳ ಪಾರ್ಸಿಗಳದ್ದು. ಭಾಷೆ ಬಹುಪಾಲು ಉರ್ದು. ಬರೆಯುತ್ತಿದ್ದವರು ಮುನ್ಷಿಗಳು, ಅವರಲ್ಲಿ ಬಹಳ ಮಂದಿ ಮುಸಲ್ಮಾನರು. ಅದರ ಹಿಂದಿನ ಬೇರು ಲಖನೌದಲ್ಲಿದೆ. ವಾಜಿದ್ ಅಲಿ ಷಾ ನವಾಬರಾಗಿದ್ದ 1850ರ ದಶಕದಲ್ಲಿ ಆಗಾ ಹಸನ್ ಅಮಾನತ್ ಬರೆದ 'ಇಂದರ್ ಸಭಾ' ಎಂಬ ಹಾಡುನಾಟಕ. ದೇವೇಂದ್ರನ ಆಸ್ಥಾನ, ಪರ್ಷಿಯಾದ ಪರಿಯರು, ಹೋಳಿ, ಠುಮ್ರಿ, ಗಜಲ್ ಎಲ್ಲ ಒಂದೇ ರಂಗದ ಮೇಲೆ. ಇಂದ್ರನ ಸಭೆಯಲ್ಲಿ ಪರಿಯರು ಯಾಕೆ ಬಂದರು ಎಂದು ಆಗ ಯಾರೂ ಕೇಳಲಿಲ್ಲ. ಗುಲೇಬಕಾವಲಿಯ ಕಥೆಯೂ ಇದೇ ಬಗೆಯದು. ಫಾರಸಿಯಲ್ಲಿ ಬರೆಹಕ್ಕಿಳಿದು, 19ನೆಯ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಉರ್ದು ಗದ್ಯವಾಗಿ, ದಯಾಶಂಕರ್ ನಸೀಮ್ ಎಂಬ ಕಾಶ್ಮೀರಿ ಪಂಡಿತರ ಕೈಯಲ್ಲಿ ಉರ್ದು ಮಸ್ನವಿಯಾಗಿ, ಕೊನೆಗೆ ಕನ್ನಡದ ಕಂಪನಿ ನಾಟಕವೂ ಆಯಿತು. ಗುಲ್ ಎಂದರೆ ಹೂವು ಎಂದು ತಿಳಿಯದ ಹಳ್ಳಿಯವರೂ ಬಕಾವಲಿಯ ಹೂವಿಗಾಗಿ ರಾಜಕುಮಾರ ಪಟ್ಟ ಪಾಡನ್ನು ರಾತ್ರಿಯೆಲ್ಲ ಕೂತು ನೋಡಿದರು.

ಇನ್ನೊಂದು ದಾರಿ ಮರಾಠಿಯದು. 1880ರಲ್ಲಿ ಅಣ್ಣಾಸಾಹೇಬ್ ಕಿರ್ಲೋಸ್ಕರರು 'ಸಂಗೀತ ಶಾಕುಂತಲ' ಆಡಿಸಿದ ಮೇಲೆ ಮರಾಠಿ ರಂಗಭೂಮಿ ಹಾಡಿನ ರಂಗಭೂಮಿಯಾಯಿತು. ಈ ಕಿರ್ಲೋಸ್ಕರರು ನಮ್ಮ ಬೆಳಗಾವಿ ಸೀಮೆಯವರೇ. ಅವರ ಕಂಪನಿಗೆ ಮುಂದೆ ಸಂಗೀತ ಕೂಡಿಸಿದ ಭಾಸ್ಕರಬುವಾ ಬಖಲೆಯವರು ಕಲಿತದ್ದು ಯಾರಲ್ಲಿ? ಫೈಜ್ ಮಹಮ್ಮದ್ ಖಾನ್, ಆಗ್ರಾ ಘರಾಣೆಯ ನತ್ಥನ್ ಖಾನ್, ಅಲ್ಲಾದಿಯಾ ಖಾನ್. ಇವರಲ್ಲಿ ನತ್ಥನ್ ಖಾನರು ಮೈಸೂರು ದರ್ಬಾರಿನಲ್ಲಿದ್ದು ಅಲ್ಲೇ ತೀರಿಕೊಂಡವರು. ಬಖಲೆಯವರ ಶಿಷ್ಯ ಬಾಲಗಂಧರ್ವ. ಬಾಲಗಂಧರ್ವರ ಹಾಡುಗಳು ಧಾರವಾಡ, ಹುಬ್ಬಳ್ಳಿ, ಗದಗಗಳ ಕಂಪನಿಗಳ ಮೂಲಕ ಕನ್ನಡದ ಮಾತು ತೊಟ್ಟು ದಕ್ಷಿಣಕ್ಕೆ ಇಳಿದವು. 1911ರ 'ಮಾನಾಪಮಾನ' ನಾಟಕಕ್ಕೆ ಸಂಗೀತ ಕೂಡಿಸಿದ ಗೋವಿಂದರಾವ್ ಟೆಂಬೆಯವರು ಪೂರಬಿನ ಠುಮ್ರಿ, ಗಜಲುಗಳಿಂದ ಧಾರಾಳವಾಗಿ ಎತ್ತಿಕೊಂಡವರು. ಉಸ್ತಾದರ ಮನೆಯ ಚೀಜು ಹೀಗೆ ನಾಲ್ಕು ಕೈ ದಾಟಿ ನಮ್ಮ ಹರಿಶ್ಚಂದ್ರನ ಬಾಯಿಗೆ ಬಂತು. ಉಸ್ತಾದರಿಗೆ ಹರಿಶ್ಚಂದ್ರನ ಪರಿಚಯವಿರಲಿಲ್ಲ, ಹರಿಶ್ಚಂದ್ರನ ಪಾತ್ರ ಮಾಡಿದವನಿಗೆ ಉಸ್ತಾದರ ಹೆಸರು ಗೊತ್ತಿರಲಿಲ್ಲ. ಚೀಜಿಗೆ ಮಾತ್ರ ಇಬ್ಬರೂ ಗೊತ್ತು.

ಮೂರನೆಯದು ಮೈಸೂರಿನ ದಾರಿ. ಚಾಮರಾಜೇಂದ್ರ ಒಡೆಯರ ಆಶ್ರಯದಲ್ಲಿ ಅರಮನೆಯ ನಾಟಕ ಸಭೆ ಕಟ್ಟಿದಾಗ ಬಸವಪ್ಪ ಶಾಸ್ತ್ರಿಗಳು ಕಾಳಿದಾಸನನ್ನು ಕನ್ನಡಕ್ಕೆ ತಂದರು, ಷೇಕ್ಸ್‌ಪಿಯರನ ಒಥೆಲೋ 'ಶೂರಸೇನ ಚರಿತ್ರೆ'ಯಾಗಿ ಬಂದ. ಕಂದಪದ್ಯ, ವೃತ್ತಗಳನ್ನು ರಾಗವಾಗಿ ಹಾಡುವ ಪದ್ಧತಿ ಇಲ್ಲಿಂದ ಗಟ್ಟಿಯಾಯಿತು. ಎ.ವಿ. ವರದಾಚಾರ್ಯರಂಥ ಗಾಯಕ ನಟರು ಅದನ್ನು ಎತ್ತರಕ್ಕೆ ಒಯ್ದರು. ಆದರೆ ಮೈಸೂರು ದರ್ಬಾರು ಬರೀ ಕರ್ನಾಟಕ ಸಂಗೀತದ ಮನೆಯೆಂದು ತಿಳಿಯಬಾರದು. ಸಿತಾರಿನ ಬರ್ಕತುಲ್ಲಾ ಖಾನ್ ಅಲ್ಲಿದ್ದರು. ಕಿರಾಣಾದ ಅಬ್ದುಲ್ ಕರೀಂ ಖಾನ್ ಮತ್ತೆ ಮತ್ತೆ ಬಂದು ಹಾಡಿದರು. 1902ರಲ್ಲಿ ಗ್ರಾಮಫೋನಿಗೆ ಹಾಡಿ ಇಡೀ ಹಿಂದೂಸ್ತಾನಕ್ಕೆ ಹೆಸರಾದ ಗೌಹರ್ ಜಾನ್ ತನ್ನ ಕೊನೆಯ ದಿನಗಳನ್ನು ಮೈಸೂರಿನಲ್ಲಿ ಆಸ್ಥಾನ ಗಾಯಕಿಯಾಗಿ ಕಳೆದು 1930ರ ಜನವರಿಯಲ್ಲಿ ಅಲ್ಲಿಯೇ ಕಣ್ಣು ಮುಚ್ಚಿದಳು. ಅವಳ ತಟ್ಟೆಗಳನ್ನು ಕೇಳಿ ಮಟ್ಟು ಕಟ್ಟಿದವರು ಮರಾಠಿಯಲ್ಲೂ ಇದ್ದರು, ಇಲ್ಲಿಯೂ ಇದ್ದರು.

ಈ ಮೂರೂ ದಾರಿಗಳು ಬಂದು ಕೂಡಿದ ಜಾಗದಲ್ಲಿ ಗುಬ್ಬಿ ಕಂಪನಿ ಇತ್ತು. ತಗಡಿನ ಥಿಯೇಟರು, ಗ್ಯಾಸ್‌ಲೈಟು, ರಂಗದ ಮುಂದೆ ಮೇಳ. ಮೇಳದ ಯಜಮಾನ ಲೆಗ್ ಹಾರ್ಮೋನಿಯಂ. ಕಾಲಿನಲ್ಲಿ ತಿದಿ ತುಳಿಯುತ್ತ ಎರಡೂ ಕೈಗಳಿಂದ ನುಡಿಸುವ ಈ ವಾದ್ಯದ ಹುಟ್ಟು ಪ್ಯಾರಿಸ್ಸಿನಲ್ಲಿ, 1840ರ ಆಸುಪಾಸು. ಪಾದ್ರಿಗಳ ಜೊತೆ ಹಿಂದೂಸ್ತಾನಕ್ಕೆ ಬಂದ ಪೆಟ್ಟಿಗೆಯನ್ನು ಕೈಯಲ್ಲಿ ತಿದಿಯೊತ್ತುವ ಹಾಗೆ ಮಾಡಿದ್ದು ಕಲ್ಕತ್ತೆಯ ದ್ವಾರಕಾನಾಥ ಘೋಷ್. ಅದರ ಪಕ್ಕದಲ್ಲಿ ತಬಲ, ಅದು ಉತ್ತರದ್ದು. ಪಿಟೀಲು, ಅದು ಯುರೋಪಿನದ್ದಾದರೂ ನಮ್ಮ ಸಂಗೀತದವರು ನೂರು ವರ್ಷ ಮೊದಲೇ ತೊಡೆಯ ಮೇಲೆ ಕೂರಿಸಿಕೊಂಡದ್ದು. ಕ್ಲಾರಿನೆಟ್ಟು, ಅದು ಬ್ಯಾಂಡಿನವರದ್ದು. ಇಷ್ಟೆಲ್ಲ ಸೇರಿ ಮೈಕಿಲ್ಲದ ಆ ಕಾಲದಲ್ಲಿ, ನೆಲದಲ್ಲಿ ಕೂತ ಕೊನೆಯ ಸಾಲಿನವನಿಗೂ ಕೇಳಬೇಕು. ಆದ್ದರಿಂದ ಶ್ರುತಿ ಏರು, ತಾನ ಚುರುಕು, ಪಲ್ಲವಿ ಚಿಕ್ಕದು. ರಾಗದ ವಿಸ್ತಾರಕ್ಕೆ ಅರ್ಧ ಗಂಟೆ ಕೊಡುವ ಕಛೇರಿಯ ವಿದ್ವಾಂಸನಿಗೆ ಇದು ಹಗುರ ಎನಿಸಿದ್ದರೆ ಆಶ್ಚರ್ಯವಿಲ್ಲ. ಆದರೆ ಎರಡು ನಿಮಿಷದಲ್ಲಿ ಭೈರವಿಯ ಮುಖ ತೋರಿಸಿ ಜನರ ಕಣ್ಣಲ್ಲಿ ನೀರು ತರಿಸುವುದೂ ವಿದ್ಯೆಯೇ. ಜನ 'ಒನ್ಸ್ ಮೋರ್' ಎಂದು ಕೂಗಿದರೆ ಸತ್ತು ಬಿದ್ದ ಪಾತ್ರವೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯಬೇಕಿತ್ತು ಎಂಬ ನಗೆಮಾತು ಹಳಬರಲ್ಲಿದೆ.

ಹಾಡು ಬರೆದವರ ಕೆಲಸ ಇನ್ನೂ ಕಷ್ಟದ್ದು. ಮಟ್ಟು ಮೊದಲು ಬರುತ್ತದೆ, ಮಾತು ಆಮೇಲೆ. ಬೆಳ್ಳಾವೆ ನರಹರಿ ಶಾಸ್ತ್ರಿಗಳು ಈ ಕೆಲಸದಲ್ಲಿ ನುರಿತವರು. ಬೆಳ್ಳಾವೆ ತುಮಕೂರು ತಾಲ್ಲೂಕಿನದೇ ಊರು, ಗುಬ್ಬಿಗೆ ನೆರೆಯದು. ಗುಬ್ಬಿ ಕಂಪನಿಗಾಗಿ ನಾಟಕಗಳನ್ನೂ ಹಾಡುಗಳನ್ನೂ ಬರೆದ ಅವರೇ 1934ರ ಮಾರ್ಚಿನಲ್ಲಿ ತೆರೆ ಕಂಡ ಕನ್ನಡದ ಮೊದಲ ಮಾತಿನ ಚಿತ್ರ 'ಸತಿ ಸುಲೋಚನ'ಕ್ಕೂ ಮಾತು ಮತ್ತು ಹಾಡು ಬರೆದರು. ಕನ್ನಡ ಸಿನಿಮಾದ ಮೊದಲ ಹಾಡುಗಳು ತುಮಕೂರು ಸೀಮೆಯ ಲೇಖನಿಯಿಂದ ಬಂದವು ಎಂಬುದನ್ನು ನಾವು, ತುಮಕೂರಿನವರು, ಇನ್ನೂ ಸ್ವಲ್ಪ ಜೋರಾಗಿ ಹೇಳಿಕೊಳ್ಳಬಹುದು.

ಉರ್ದು ಶಾಲೆಯಲ್ಲಿ ಒಂದಿಷ್ಟು, ಕನ್ನಡ ಶಾಲೆಯಲ್ಲಿ ಒಂದಿಷ್ಟು ಕಲಿತ ನಮ್ಮಂಥವರಿಗೆ ಈ ಹಾಡುಗಳಲ್ಲಿ ಒಂದು ಬೇರೆ ಸುಖವಿದೆ. ಹಳೆಗನ್ನಡ, ನಡುಗನ್ನಡ ಕಾವ್ಯದಲ್ಲಿ ಪ್ರಾಸ ಸಾಲಿನ ಆರಂಭದಲ್ಲಿರುತ್ತದೆ, ಎರಡನೆಯ ಅಕ್ಷರದ ಪ್ರಾಸ. ಉರ್ದುವಿನಲ್ಲಿ ಸಾಲಿನ ಕೊನೆ ಮುಖ್ಯ. ಕಾಫಿಯಾ ಬರಬೇಕು, ಅದರ ಹಿಂದೆಯೇ ರದೀಫ್ ಬರಬೇಕು. ಕಂಪನಿ ನಾಟಕದ ಕಂದದಲ್ಲಿ ಕವಿ ಎರಡನೆಯ ಅಕ್ಷರವನ್ನು ಹಿಡಿದಿರುತ್ತಾನೆ. ಅದೇ ಕವಿ ಹಾಡಿಗೆ ಬಂದೊಡನೆ ಸಾಲಿನ ಕೊನೆಯನ್ನು ಹಿಡಿಯುತ್ತಾನೆ. ಅಂತ್ಯಪ್ರಾಸಕ್ಕೆ ಇಂಗ್ಲಿಷ್ ಪದ್ಯವೂ ಕಾರಣವಿರಬಹುದು, ಜಾನಪದವೂ ಇರಬಹುದು. ಆದರೆ ಗಜಲಿನ ಮಟ್ಟಿಗೆ ಮಾತು ಕೂಡಿಸುವವನಿಗೆ ಬೇರೆ ದಾರಿಯೇ ಇಲ್ಲ. ಸಾಲು ನಿಲ್ಲುವ ಜಾಗದಲ್ಲಿ ಮಟ್ಟು ಒಂದು ಮೊಳೆ ಹೊಡೆದಿರುತ್ತದೆ, ಮಾತು ಅಲ್ಲಿ ತಗಲಿಹಾಕಿಕೊಳ್ಳಲೇಬೇಕು. ನಮ್ಮ ಕಿವಿಗೆ ಅಂಥ ಹಾಡುಗಳಲ್ಲಿ ಎರಡು ಶಾಲೆಗಳ ಗಂಟೆಯೂ ಒಟ್ಟಿಗೆ ಬಾರಿಸಿದ ಹಾಗೆ ಕೇಳುತ್ತದೆ.

ವೀರಣ್ಣನವರ ಸಾಹಸಗಳ ಕಥೆ ಎಲ್ಲರಿಗೂ ಗೊತ್ತು. 1934ರಲ್ಲಿ ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ದಲ್ಲಿ ರಂಗದ ಮೇಲೆ ನಿಜವಾದ ಆನೆ, ಕುದುರೆ, ರಥ ತಂದದ್ದು, 'ಸದಾರಮೆ'ಯ ಕಳ್ಳನ ಪಾತ್ರದಲ್ಲಿ ಜನರನ್ನು ನಗಿಸಿದ್ದು, ಗಂಡಸರೇ ಹೆಣ್ಣು ವೇಷ ಹಾಕುತ್ತಿದ್ದ ಕಾಲದಲ್ಲಿ ಹೆಣ್ಣುಮಕ್ಕಳನ್ನು ರಂಗಕ್ಕೆ ತಂದದ್ದು. ಬಿ. ಜಯಮ್ಮನವರ ಕಂಠವನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಕೇಂದ್ರ ಸಂಗೀತ ನಾಟಕ ಅಕಾಡೆಮಿಯ ಪ್ರಶಸ್ತಿ 1955ರಲ್ಲಿ ಬಂತು, ಪದ್ಮಶ್ರೀ ಬಂದದ್ದು 1972ರಲ್ಲಿ, ಅವರು ತೀರಿಕೊಂಡ ವರ್ಷ. ಇವೆಲ್ಲ ಬರೆದು ಮುಗಿದ ಸಂಗತಿಗಳು. ನಮಗೆ ಇಲ್ಲಿ ಬೇಕಾದದ್ದು ಅವರ ಇನ್ನೊಂದು ಗುಣ: ಯಾವ ಮಟ್ಟು ಎಲ್ಲಿಂದ ಬಂತು ಎಂದು ಜಾತಿ ಕೇಳದೆ, ರಂಗದ ಮೇಲೆ ನಿಲ್ಲುತ್ತದೆಯೋ ಇಲ್ಲವೋ ಎಂದಷ್ಟೇ ನೋಡುವುದು. ವ್ಯಾಪಾರಿಯ ಗುಣ ಎಂದು ಕೆಲವರು ಇದನ್ನು ತಾತ್ಸಾರ ಮಾಡುತ್ತಾರೆ. ಟಿಕೇಟು ಮಾರಿ ನೂರಾರು ಜನರಿಗೆ ಅನ್ನ ಹಾಕಬೇಕಾದವನಿಗೆ ಆ ಗುಣ ಇರಲೇಬೇಕು, ಅದರಿಂದ ಕಲೆಗೆ ನಷ್ಟವಾಗಲಿಲ್ಲ.

ಇದನ್ನೇ ದೂರದ ಇನ್ನೊಂದು ನಾಡಿನ ಜೊತೆ ಇಟ್ಟು ನೋಡಿದರೆ ವಿಷಯ ಸ್ಪಷ್ಟವಾಗುತ್ತದೆ. ಐರ್ಲೆಂಡಿನ ಜಾನಪದ ಬ್ಯಾಂಡುಗಳಿಗೆ ಈಗ ಜಗತ್ತಿನಲ್ಲೆಲ್ಲ ಹೆಸರು. ಪರಂಪರೆಯ ಸಂಗೀತ ಎಂದರೆ ಹೀಗಿರಬೇಕು ಎಂದು ನಮ್ಮ ಬೆಂಗಳೂರಿನ ಹುಡುಗರೂ ಮಾದರಿ ತೋರಿಸುತ್ತಾರೆ. ಆ ಬ್ಯಾಂಡಿನ ವಾದ್ಯಗಳನ್ನು ಒಂದೊಂದಾಗಿ ಎತ್ತಿ ನೋಡಿ. ಅಕಾರ್ಡಿಯನ್ ವಿಯೆನ್ನಾ ಕಡೆಯದು, ಕನ್ಸರ್ಟಿನಾ ಲಂಡನ್ನಿನದು, ಬ್ಯಾಂಜೋ ಆಫ್ರಿಕಾದ ಗುಲಾಮರ ಜೊತೆ ಅಮೆರಿಕಕ್ಕೆ ಹೋಗಿ ಅಲ್ಲಿಂದ ಬಂದದ್ದು. ಬುಜುಕಿ ಎಂಬ ಗ್ರೀಸಿನ ತಂತಿವಾದ್ಯ 1960ರ ದಶಕದಲ್ಲಷ್ಟೇ ಅಲ್ಲಿಗೆ ಕಾಲಿಟ್ಟಿತು, ಈಗ ಅದಿಲ್ಲದ ಐರಿಷ್ ಬ್ಯಾಂಡು ಅಪರೂಪ. ಹೆಚ್ಚಾಗಿ ಕುಣಿತಕ್ಕೋ ಮನೆಯ ಬೆಂಕಿಯ ಮುಂದೋ ನುಡಿಸುತ್ತಿದ್ದ ಹಾಡುಗಳನ್ನು ಸಭೆಯ ಮುಂದೆ ತಂಡವಾಗಿ ಕೂತು ನುಡಿಸುವ ಕ್ರಮವನ್ನು 1960ರ ಸುಮಾರಿಗೆ ರೂಪಿಸಿದವರು ಷಾನ್ ಓ ರಿಯಾಡಾ ಎಂಬ ಸಂಗೀತಗಾರ. ಅವರ ಜೊತೆಗಿದ್ದ ಪ್ಯಾಡಿ ಮೊಲೋನಿ 1962ರಲ್ಲಿ ಕಟ್ಟಿದ 'ದಿ ಚೀಫ್‌ಟನ್ಸ್' ತಂಡ 1983ರಲ್ಲಿ ಚೀನಾಕ್ಕೆ ಹೋಗಿ ಅಲ್ಲಿನ ವಾದ್ಯಗಾರರ ಜೊತೆಯೂ ನುಡಿಸಿತು. ಅಲ್ಲಿಯೂ ಅಡ್ಡಿಗಳಿದ್ದವು. ಕುಣಿತದಿಂದ ಯುವಕರು ಕೆಡುತ್ತಾರೆಂದು ಪಾದ್ರಿಗಳು ಪಟ್ಟು ಹಿಡಿದ ಮೇಲೆ 1935ರಲ್ಲಿ ಲೈಸೆನ್ಸಿಲ್ಲದೆ ಸಾರ್ವಜನಿಕವಾಗಿ ಕುಣಿಯಬಾರದೆಂದು ಸರಕಾರವೇ ಕಾನೂನು ತಂದಿತು. ಆದರೂ ಇಂದು ಐರಿಷ್ ಬ್ಯಾಂಡನ್ನು ಯಾರೂ ಕಲಬೆರಕೆ ಎನ್ನುವುದಿಲ್ಲ. ಅದೇ ಕಾಲದಲ್ಲಿ ಅದೇ ಕೆಲಸವನ್ನು, ಇನ್ನೂ ಎಂಬತ್ತು ವರ್ಷ ಮೊದಲಿನಿಂದ ಮಾಡುತ್ತ ಬಂದ ಗುಬ್ಬಿಯ ಮೇಳಕ್ಕೆ ಆ ಮಾತು ಯಾಕೆ?

ಕಲಬೆರಕೆ ಎಂಬ ಮಾತಿಗೆ ನಮ್ಮಲ್ಲೂ ಸರಕಾರದ ಮೊಹರು ಬಿದ್ದದ್ದುಂಟು. 1940ರಲ್ಲಿ ಆಕಾಶವಾಣಿ ಹಾರ್ಮೋನಿಯಮ್ಮನ್ನು ಹೊರಗೆ ಹಾಕಿತು. ಅದು ಪರದೇಶದ ಪೆಟ್ಟಿಗೆ, ಅದರಲ್ಲಿ ನಮ್ಮ ಶ್ರುತಿ, ಗಮಕ ಬರುವುದಿಲ್ಲ ಎಂಬುದು ವಾದ. ವಾದದಲ್ಲಿ ಸತ್ಯವಿಲ್ಲವೆಂದಲ್ಲ. ಎರಡು ಮನೆಗಳ ನಡುವಿನ ಸ್ವರವನ್ನು ಆ ಪೆಟ್ಟಿಗೆ ಕೊಡಲಾರದು. ಆದರೆ ಆ ನಿಷೇಧ ಸಡಿಲವಾಗಲು 1970ರ ದಶಕ ಬರಬೇಕಾಯಿತು. ಆ ಮೂವತ್ತು ವರ್ಷ ರೇಡಿಯೋದ ಗಾಜಿನ ಕೋಣೆಯೊಳಗೆ ಬರಲಾರದ ವಾದ್ಯ ತುಮಕೂರು, ಕುಣಿಗಲ್, ಗುಬ್ಬಿಗಳ ಭಜನೆ ಮನೆಗಳಲ್ಲಿ, ನಾಟಕದ ಷೆಡ್ಡುಗಳಲ್ಲಿ ಒಂದು ದಿನವೂ ಸುಮ್ಮನೆ ಕೂರಲಿಲ್ಲ.

ಈಗ ನಮ್ಮವರ ಮಾತಿಗೆ ಬರೋಣ. ನಮ್ಮವರು ಅದರಲ್ಲಿ ಇರಲಿಲ್ಲ ಎಂಬುದು ಸುಳ್ಳು. ಮೈಸೂರು ಸೀಮೆಯಲ್ಲಿ ಮಹಮದ್ ಪೀರ್ ಎಂಬ ನಟರಿದ್ದರು. ಅವರ ಚಂದ್ರಕಲಾ ನಾಟಕ ಮಂಡಳಿ ಗುಬ್ಬಿ ಕಂಪನಿಯ ಸಮಕಾಲೀನ. ಎಚ್.ಎಲ್.ಎನ್. ಸಿಂಹ ಅವರ 'ಸಂಸಾರ ನೌಕೆ'ಯನ್ನು ಆಡಿದ್ದು ಆ ಮಂಡಳಿ. ಅದೇ ನಾಟಕ 1936ರಲ್ಲಿ ಸಿನಿಮಾ ಆಗಿ, ಮಂಡಳಿಯ ನಟ ಬಿ.ಆರ್. ಪಂತುಲು ಅವರನ್ನು ಚಿತ್ರರಂಗಕ್ಕೆ ಕೊಟ್ಟಿತು. ಪುರಾಣ ಬಿಟ್ಟು ಮನೆಯೊಳಗಿನ ಕಥೆ ಹೇಳಿದ ಕನ್ನಡದ ಮೊದಮೊದಲ ಚಿತ್ರಗಳಲ್ಲಿ ಅದೊಂದು. ಉತ್ತರಕ್ಕೆ ಬಂದರೆ ಬೀಳಗಿಯ ಅಕ್ಕತಂಗಿಯರು, ಗೌಹರ್‌ಬಾಯಿ ಮತ್ತು ಅಮೀರ್‌ಬಾಯಿ. ಅಕ್ಕ ಬಾಲಗಂಧರ್ವರ ಜೊತೆ ರಂಗದ ಮೇಲೆ ನಿಂತವರು. ತಂಗಿ ಕನ್ನಡ ಕಂಪನಿಗಳಿಂದ ಮುಂಬಯಿ ಸಿನಿಮಾಕ್ಕೆ ಹೋಗಿ 1940ರ ದಶಕದಲ್ಲಿ ಹಿಂದಿ ಹಾಡುಗಳ ದೊಡ್ಡ ಹೆಸರಾದವರು. ಹೆಸರಿನ ಜೊತೆ ಊರಿನ ಬದಲು ನಾಡನ್ನೇ ಕಟ್ಟಿಕೊಂಡು 'ಕರ್ನಾಟಕಿ' ಎನಿಸಿಕೊಂಡರು. ಕರ್ನಾಟಕ ಎಂಬ ರಾಜ್ಯ ಆಗ ನಕ್ಷೆಯಲ್ಲೇ ಇರಲಿಲ್ಲ. ರಹಮತ್ ತರೀಕೆರೆಯವರು ಅಮೀರ್‌ಬಾಯಿಯ ಬದುಕನ್ನು ಹುಡುಕಿ ಪುಸ್ತಕ ಬರೆಯದಿದ್ದರೆ ಎಷ್ಟು ಜನ ಕನ್ನಡಿಗರಿಗೆ ಈ ತಾಯಿ ನೆನಪಿರುತ್ತಿದ್ದರೋ ಹೇಳಲಾರೆವು.

ಹಾಡು ಹರಾಮೋ ಹಲಾಲೋ ಎಂಬ ಚರ್ಚೆಗೆ ಸಾವಿರ ವರ್ಷದ ವಯಸ್ಸಿದೆ. ಅದನ್ನು ಈ ಪುಟದಲ್ಲಿ ತೀರ್ಮಾನಿಸುವ ಅಧಿಕಾರ ನಮಗಿಲ್ಲ. ಇಮಾಮ್ ಗಜಾಲಿಯವರು ಸಮಾದ ಬಗ್ಗೆ ಬರೆಯುವಾಗ ಹಾಡನ್ನು ಒಟ್ಟಾಗಿ ತಳ್ಳಿಹಾಕಲಿಲ್ಲ, ಕೇಳುವವನ ಮನಸ್ಸಿನಲ್ಲಿ ಏನಿದೆ ಎಂಬುದನ್ನು ಮುಖ್ಯ ಮಾಡಿದರು. ಗುಲ್ಬರ್ಗದ ಹಜರತ್ ಬಂದೇನವಾಜರು ಚಿಷ್ತಿ ಪರಂಪರೆಯವರು, ಸಮಾ ಕೇಳುತ್ತಿದ್ದವರು. ಬಿಜಾಪುರದ ಎರಡನೆಯ ಇಬ್ರಾಹಿಂ ಆದಿಲ್ ಷಾಹ 'ಕಿತಾಬೆ ನವರಸ್' ಎಂಬ ಹಾಡುಗಳ ಪುಸ್ತಕ ಬರೆದು ಒಂದೊಂದು ಹಾಡಿಗೂ ರಾಗ ಹೆಸರಿಸಿದ. ಒಪ್ಪದ ಉಲೇಮಾಗಳು ಆಗಲೂ ಇದ್ದರು, ಈಗಲೂ ಇದ್ದಾರೆ, ಅವರ ಮಾತಿಗೂ ಆಧಾರಗಳಿವೆ. ನಮ್ಮ ತಕರಾರು ಬೇರೆ. ಬೇಡ ಎನ್ನುವುದು ಒಂದು ನಿಲುವು. ಇರಲೇ ಇಲ್ಲ ಎನ್ನುವುದು ಚರಿತ್ರೆಯ ಮೇಲೆ ಮಣ್ಣು ಮುಚ್ಚುವ ಕೆಲಸ. ನಮ್ಮವರ ಹೆಸರನ್ನು ಹೊರಗಿನವರು ಅಳಿಸಿದರೆ ಕೂಗಾಡುವ ನಾವು, ನಮ್ಮ ಕೈಯಾರೆ ಅಳಿಸುತ್ತಿರುವುದನ್ನು ನೋಡುವುದಿಲ್ಲ. ಎರಡೂ ಕಡೆಯಿಂದ ರಬ್ಬರು ತಿಕ್ಕಿದರೆ ಉಳಿಯುವುದು ಖಾಲಿ ಕಾಗದ.

ಸಿನಿಮಾ ಬಂದ ಮೇಲೆ ಕಂಪನಿಗಳು ಸೊರಗಿದವು. ಸಿನಿಮಾದ ಹಾಡೂ ನಟರೂ ಬಂದದ್ದು ಕಂಪನಿಗಳ ಮನೆಯಿಂದಲೇ. 1954ರ 'ಬೇಡರ ಕಣ್ಣಪ್ಪ' ವೀರಣ್ಣನವರ ಸಂಸ್ಥೆ ಪಾಲುಗೊಂಡು ತೆಗೆದ ಚಿತ್ರ. ಅದರಲ್ಲಿ ನಾಯಕನಾದ ರಾಜ್‌ಕುಮಾರ್, ನಗಿಸಿದ ತಿಪಟೂರಿನ ನರಸಿಂಹರಾಜು, ಜಿ.ವಿ. ಅಯ್ಯರ್ ಎಲ್ಲರೂ ಗುಬ್ಬಿ ಕಂಪನಿಯ ಅನ್ನ ಉಂಡವರು. ರಾಜ್‌ಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದಾಗ ಜನ ಬೆರಗಾದರು. ತಂದೆ ಪುಟ್ಟಸ್ವಾಮಯ್ಯನವರ ಜೊತೆ ಕಂಪನಿಯಲ್ಲೇ ಬೆಳೆದ ಹುಡುಗನಿಗೆ ಹಾಡು ಹೊಸದಾಗಿರಲಿಲ್ಲ.

ಮನೆ ಬಿಟ್ಟು ಓಡಿ ಬಂದು ಗುಬ್ಬಿ ಕಂಪನಿ ಸೇರಿದ ಇನ್ನೊಬ್ಬ ಹುಡುಗ ಬಿ.ವಿ. ಕಾರಂತ. ವೀರಣ್ಣನವರು ಅವನನ್ನು ಓದಲು ಕಾಶಿಗೆ ಕಳಿಸಿದರು. ಅಲ್ಲಿ ಓಂಕಾರನಾಥ ಠಾಕೂರರ ಹತ್ತಿರ ಹಿಂದೂಸ್ತಾನಿ ಕಲಿತ. ಮುಂದೆ ಕಾರಂತರು 'ಹಯವದನ'ಕ್ಕೂ 'ಸತ್ತವರ ನೆರಳು' ನಾಟಕಕ್ಕೂ ಸಂಗೀತ ಕೂಡಿಸಿದಾಗ ಹೊಸ ರಂಗಭೂಮಿಯ ಬುದ್ಧಿವಂತರು ಅದರಲ್ಲಿ ಆಧುನಿಕತೆ ಕಂಡರು. ಹಾರ್ಮೋನಿಯಂ ಹಿಡಿದು ಭಜನೆ, ಯಕ್ಷಗಾನ, ಠುಮ್ರಿ, ಕಂಪನಿ ಮಟ್ಟು ಎಲ್ಲವನ್ನೂ ಒಂದೇ ತಪ್ಪಲೆಗೆ ಹಾಕುವುದು ಅವರು ಗುಬ್ಬಿಯಲ್ಲೇ ಕಂಡ ಅಡುಗೆ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ತಾತನ ಕಂಪನಿಯ ಹಾಡುಗಳನ್ನು ಹೊಸ ತಲೆಮಾರಿನ ಮುಂದೆ ಹಾಡಿದ್ದನ್ನು ಕೇಳಿದವರಿಗೆ ಆ ಏರುದನಿಯ ಗತ್ತು ಎಂಥದ್ದು ಎಂದು ವಿವರಿಸಬೇಕಿಲ್ಲ. ಆರ್. ಪರಮಶಿವನ್ ಅವರಂಥ ಹಾರ್ಮೋನಿಯಂ ವಿದ್ವಾಂಸರು ನೂರಾರು ಮಟ್ಟುಗಳನ್ನು ಬಾಯಿಂದ ಬಾಯಿಗೆ ದಾಟಿಸಿದರು. ಈಚಿನ ಬ್ಯಾಂಡುಗಳದ್ದೂ ಇದೇ ವಂಶ. ಶಿಶುನಾಳ ಷರೀಫರ ಪದಗಳಿಗೆ ಸಿ. ಅಶ್ವಥ್ ಹಾರ್ಮೋನಿಯಮ್ಮಿನಲ್ಲಿ ಧಾಟಿ ಕೊಟ್ಟರು. ರಘು ದೀಕ್ಷಿತ್ ಗಿಟಾರು, ಡ್ರಮ್ಮುಗಳ ಜೊತೆ ಲುಂಗಿಯುಟ್ಟು ಅದೇ ಪದಗಳನ್ನು ಇಂಗ್ಲೆಂಡಿನ ಮೈದಾನಗಳಲ್ಲಿ ಹಾಡಿದರು. ಫ್ಯೂಷನ್ ಎಂದು ಪತ್ರಿಕೆಗಳು ಹೆಸರಿಟ್ಟವು. ಕಂಪನಿಯವರು ಅದನ್ನು ಮಟ್ಟು ಎನ್ನುತ್ತಿದ್ದರು.

ಆ ಹಳೆಯ ಮೇಳ ಪೂರ್ತಿ ಸತ್ತಿಲ್ಲ. ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿ ಮುಗಿದ ಮೇಲೆ ಸಂಜೆ ಹೊತ್ತು ನಡೆದು ನೋಡಿ. ಯಾವುದಾದರೂ ಹಳೆಯ ಶಾಲೆಯ ಕೋಣೆಯಿಂದ, ರಾಗಿ ಕಣದ ಪಕ್ಕದ ಷೆಡ್ಡಿನಿಂದ ಹಾರ್ಮೋನಿಯಂ ಕೇಳುತ್ತದೆ. ಕುರುಕ್ಷೇತ್ರದ ಪ್ರಾಕ್ಟೀಸು. ತಿಂಗಳುಗಟ್ಟಲೆ ಕಲಿಸುವ ಹಾರ್ಮೋನಿಯಂ ಮೇಷ್ಟ್ರು, ಬಾಡಿಗೆಗೆ ತರುವ ಸೀನರಿ, ಕಿರೀಟ, ಗದೆ. ಪಾತ್ರಕ್ಕೆ ಇಂತಿಷ್ಟು ಹಣ ಎಂದು ಪಾತ್ರಧಾರಿಯೇ ಕೊಡಬೇಕು. ದುರ್ಯೋಧನ, ಕೃಷ್ಣನಿಗೆ ಹೆಚ್ಚು, ವಿದುರನಿಗೆ ಕಡಿಮೆ. ಹಗಲು ಟ್ರ್ಯಾಕ್ಟರ್ ಓಡಿಸುವವನು, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು, ಬಸ್ ಕಂಡಕ್ಟರು ರಾತ್ರಿ ಭೀಮಾರ್ಜುನರು. ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲೂ ಇಂಥ ಪೌರಾಣಿಕ ನಾಟಕಗಳು ರಾತ್ರಿಯಿಡೀ ನಡೆಯುತ್ತವೆ. ಶೋಕಿ ಎಂದು ನಗುವವರು ನಗಲಿ. ಟಿಕೇಟಿಲ್ಲದೆ, ಸರಕಾರದ ಸಹಾಯಧನವಿಲ್ಲದೆ, ತನ್ನ ಜೇಬಿನ ದುಡ್ಡು ಹಾಕಿ ಕಂದಪದ್ಯ ಕಲಿಯುವ ರೈತರು ಬೇರೆ ಎಷ್ಟು ನಾಡುಗಳಲ್ಲಿ ಸಿಕ್ಕಾರು?

ಈ ಪ್ರಾಕ್ಟೀಸುಗಳಲ್ಲಿ ಹಾಡಿನ ಪುಸ್ತಕ ಈಗ ಕಡಿಮೆ. ಮೇಷ್ಟ್ರು ಹಾಡಿದ್ದನ್ನು ಹುಡುಗರು ಮೊಬೈಲಿನಲ್ಲಿ ಹಿಡಿದುಕೊಳ್ಳುತ್ತಾರೆ, ಹೊಲದಲ್ಲಿ ಕೇಳುತ್ತ ಕಲಿಯುತ್ತಾರೆ. ಕಲಿಯಲು ಇದು ಪುಸ್ತಕಕ್ಕಿಂತ ಸುಲಭ. ಮಟ್ಟಿನ ಹೆಸರು ಬರೆಯುತ್ತಿದ್ದ ಆ ಸಣ್ಣ ಅಕ್ಷರಗಳಿಗೆ ಮಾತ್ರ ಮೊಬೈಲಿನಲ್ಲಿ ಜಾಗವಿಲ್ಲ. ಹಳೆಯ ಮೇಷ್ಟ್ರುಗಳಿಗೆ ಇನ್ನೂ ನೆನಪಿದೆ. "ಮೇಷ್ಟ್ರೇ, ಈ ಹಾಡು ಎಲ್ಲಿಯದು?" ಎಂದು ಕೇಳಿದರೆ, ಎಡಗೈಯಲ್ಲಿ ತಿದಿ ಒತ್ತುತ್ತಲೇ, "ಅದು ಪಾರ್ಸಿ ಮಟ್ಟು ಕಣಪ್ಪ" ಎಂದು ಹೇಳಿ ಮುಂದಿನ ಪದ್ಯಕ್ಕೆ ಹೋಗುತ್ತಾರೆ.